ನಾಗೂರಿಗೆ ಹೋಗಿ ವಾಪಸ್ಸು ಬಂದ ಗಂಟು

ಮೊನ್ನೆ ಮುಂಗಾರಿನ ಮೊದಲ ಜೋರು ಮಳೆಗೆ ಸಿಕ್ಕಿಕೊಂಡು ಶ್ರೀರಂಗಪಟ್ಟಣದ ಪೇಟೆ ಬೀದಿಯ ಟೈಲರ್ ಅಂಗಡಿಯ ಸೂರಿನಡಿ ನಿಂತಿದ್ದೆ. ಅಂಗಡಿಯವನು ಕತ್ತರಿಸಿ ಉಳಿದ ಹಸಿರು ಬಟ್ಟೆಯ ತುಂಡುಗಳನ್ನು ಬುಟ್ಟಿಗೆ ತುಂಬಿ ಮೆಟ್ಟಿಲ ಮೇಲಿಟ್ಟು ಮರೆತಿದ್ದ. ಅವು ನೆನೆದು ಬಣ್ಣ ಬಿಟ್ಟು, ಹಸಿರು ನೀರು ಮೆಟ್ಟಿಲಿಳಿದು ಮೋರಿಯ ಕಡೆ ಹರಿಯತೊಡಗಿತು. ಹೊಸ ಬಟ್ಟೆಯ ಗಂಜಿ, ಅಗ್ಗದ ಬಣ್ಣ, ಮಳೆನೀರು ಮೂರೂ ಕಲೆತರೆ ಒಂದು ವಾಸನೆ ಹುಟ್ಟುತ್ತದೆ. ಬೇರೆಯವರಿಗೆ ಅದು ಏನೂ ಅಲ್ಲ. ನಾನು ಮೂಗು ಮುಚ್ಚಿಕೊಂಡು ಮೆಟ್ಟಿಲಿಳಿದೆ. “ಒಳೀಕೆ ಬನ್ನಿ ಸ್ವಾಮಣ್ಣ, ನೆನೀತೀರಿ” ಎಂದು ಟೈಲರ್ ಕರೆಯುತ್ತಿದ್ದರೂ ನಿಲ್ಲದೆ ಮಳೆಯಲ್ಲೇ ಮನೆಗೆ ಬಂದುಬಿಟ್ಟೆ. ಹೆಂಡತಿ ಭಾಗ್ಯ ಟವೆಲ್ಲು ಕೊಟ್ಟು ಒಂದು ಸಲ ಮುಖ ನೋಡಿದಳು. ಒಲೆಯ ಮೇಲೆ ಕಾಫಿಗಿಟ್ಟಳು. ಏನಾಯಿತೆಂದು ಕೇಳಿದರೆ ನಾನು ಸಿಡುಕುತ್ತೇನೆಂದು ಅವಳಿಗೆ ಗೊತ್ತು.

ಆ ವಾಸನೆ ನನಗೆ ಅಂಟಿಕೊಂಡದ್ದು ನಾನು ನಿವೃತ್ತನಾದ ವರ್ಷದ ಮಳೆಗಾಲದಲ್ಲಿ. ಕೆ.ಆರ್.ಎಸ್.ನಲ್ಲಿ ನೀರಾವರಿ ಇಲಾಖೆಯ ಕೆಲಸ ನನ್ನದು. ನಾಲೆಗೆ ನೀರು ಬಿಟ್ಟರೆ ತಡವಾಯಿತೆಂದು ಬಯ್ಯುತ್ತಾರೆ, ಬಿಡದಿದ್ದರೆ ಬಿಡಲಿಲ್ಲವೆಂದು ಬಯ್ಯುತ್ತಾರೆ. ಜೀವಮಾನವಿಡೀ ಜನರ ನಡುವೆ ನಿಂತು ಬಯ್ಗುಳ ತಿಂದವನಿಗೆ ಒಂದೇ ಆಸೆಯಿತ್ತು: ಯಾರೂ ಜೊತೆಗಿಲ್ಲದೆ, ಯಾರ ಮಾತೂ ಕಿವಿಗೆ ಬೀಳದೆ, ಬೈಕಿನ ಮೇಲೆ ಒಬ್ಬನೇ ದಕ್ಷಿಣದ ರಾಜ್ಯಗಳನ್ನೆಲ್ಲ ಸುತ್ತಿ ಬರಬೇಕು. ವಯನಾಡಿನ ಘಾಟಿಯಿಳಿದು ಕೇರಳ, ಪಾಲಕ್ಕಾಡು ದಾಟಿ ತಮಿಳುನಾಡು, ಪಳನಿ, ರಾಮೇಶ್ವರ, ಅಲ್ಲಿಂದ ಕಡಲಂಚು ಹಿಡಿದು ದರ್ಗಾ ಇರುವ ನಾಗೂರು, ಪಾಂಡಿಚೇರಿ, ಆಮೇಲೆ ಆಂಧ್ರದ ತಿರುಪತಿ, ಕೊನೆಗೆ ಊರು. ನಕ್ಷೆಯ ಮೇಲೆ ಕೆಂಪು ಗೆರೆ ಎಳೆದು ಹಜಾರದ ಗೋಡೆಗೆ ಅಂಟಿಸಿದ್ದೆ. ಮನೆಗೆ ಬಂದವರಿಗೆಲ್ಲ ಮೊದಲು ಅದನ್ನು ತೋರಿಸಿಯೇ ಕಾಫಿ ಕೊಡಿಸುತ್ತಿದ್ದೆ.

“ಒಬ್ನೇ ಓಯ್ತೀನಿ ಅನ್ನೋರು ಊರಿಗೆಲ್ಲ ಡಂಗುರ ಹೊಡ್ಕೊಂಡು ಓಯ್ತಾರಾ?” ಎಂದು ಭಾಗ್ಯ ಆಗಲೇ ಅಂದಿದ್ದಳು. ಸರಿಯಾಗಿಯೇ ಅಂದಿದ್ದಳು. ನಮ್ಮ ಕಡೆ ಒಬ್ಬ ದೂರದ ಕ್ಷೇತ್ರಗಳ ದಾರಿಯಲ್ಲಿ ಹೋಗುತ್ತಾನೆಂದು ಗೊತ್ತಾದರೆ ಬರಿಗೈಯಲ್ಲಿ ಕಳಿಸುವ ಪದ್ಧತಿಯಿಲ್ಲ. ಹರಕೆ ಹೊತ್ತವರು ಒಂದು ಕಾಸನ್ನು ಬಟ್ಟೆಯಲ್ಲಿ ಕಟ್ಟಿ ಮುಡಿಪು ಅಂತ ಕೊಡುತ್ತಾರೆ. ಅದನ್ನು ಆ ದೇವರ ಹುಂಡಿಗೆ ಮುಟ್ಟಿಸಬೇಕು. ಗಂಟು ಬಿಚ್ಚಬಾರದು, ಏನು ಹರಕೆ ಎಂದು ಕೇಳಬಾರದು, ತಗೊಳ್ಳುವುದಿಲ್ಲ ಅನ್ನಲೂಬಾರದು. ನಾನು ಪುಣ್ಯಕ್ಷೇತ್ರಕ್ಕಲ್ಲ, ಸುಮ್ಮನೆ ಸುತ್ತಲು ಹೋಗುತ್ತಿರುವುದು ಎಂದರೆ ಯಾರು ಕೇಳುತ್ತಾರೆ? ನಾಗಮಂಗಲದಿಂದ ನನ್ನಕ್ಕ ಲಲಿತಮ್ಮ ರಾಮೇಶ್ವರಕ್ಕೆ ಒಂದು ಗಂಟು ಕಳಿಸಿದಳು. ಹೊಸಹೊಳಲಿನಿಂದ ನಂಜಮ್ಮ ದೊಡ್ಡಮ್ಮ ತಿರುಪತಿಗೆ ಒಂದು ಕಳಿಸಿದಳು. ಪಾಂಡವಪುರದಲ್ಲಿ ಆಲೆಮನೆ ನಡೆಸುವ ನನ್ನ ಬಾಮೈದ ಚಿಕ್ಕೇಗೌಡ ಪಳನಿಗೆ ಒಂದು ತಂದುಕೊಟ್ಟ. ಮೂರೂ ಅರಿಶಿನದಲ್ಲಿ ಅದ್ದಿದ ಬಟ್ಟೆಯ ಗಂಟುಗಳು.

ನಾಲ್ಕನೆಯದನ್ನು ತಂದವಳು ಎದುರುಮನೆಯ ಮೆಹರುನ್ನಿಸಾ. ಅವಳ ಗಂಡ ಅನ್ವರ್ ಪಾಂಡವಪುರದ ಬೆಲ್ಲ ಹೇರಿಕೊಂಡು ಕೇರಳ, ತಮಿಳುನಾಡಿಗೆಲ್ಲ ಲಾರಿ ಓಡಿಸುತ್ತಿದ್ದವನು. ನನ್ನ ನಕ್ಷೆಗೆ ಕೆಂಪು ಗೆರೆ ಎಳೆಸಿದವನೇ ಅವನು. ಆ ಬೇಸಿಗೆಯಲ್ಲಿ ಅವನ ಬಲಗಾಲಿಗೆ ಚಪ್ಪಲಿ ಕಚ್ಚಿ ಸಣ್ಣದೊಂದು ಹುಣ್ಣಾಗಿತ್ತು. ಶುಗರಿನ ಮೈ. ಹುಣ್ಣು ಮಾಯಲಿಲ್ಲ, ಹೆಬ್ಬೆರಳು ಕಪ್ಪಗಾಗುತ್ತ ಬಂತು. ಬೆರಳೊಂದೇ ಹೋದೀತೋ, ಪಾದವೇ ಹೋದೀತೋ ನೋಡಬೇಕು ಅಂತ ಮೈಸೂರಿನ ಡಾಕ್ಟರು ಅಂದಿದ್ದರು. ಲಾರಿ ಓಡಿಸುವವನಿಗೆ ಬಲಗಾಲೆಂದರೆ ಅನ್ನ. ಎಲ್ಲರ ಹರಕೆಯೂ ಗುಟ್ಟು, ಮೆಹರುವಿನದು ಮಾತ್ರ ಇಡೀ ಬೀದಿಗೆ ಗೊತ್ತಿತ್ತು.

“ಅಣ್ಣಾ, ನಾಗೂರು ಬಾವಾ ಹತ್ರ ಮನ್ನತ್ ಮಾಡ್ಕೊಂಡಿವ್ನಿ. ಇವ್ರ ಪಾದ ಉಳುದ್ರೆ ಇಬ್ರೂ ಬಂದು ತಲೆ ಬಾಗಿಸ್ತೀವಿ ಅಂತ ಯೋಳಿವ್ನಿ. ಇದನ್ನ ದರ್ಗಾದಲ್ಲಿ ಮುಟ್ಟಿಸ್ಬುಡಿ” ಎಂದು ಹಸಿರು ಬಟ್ಟೆಯ ಪುಟ್ಟ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಟೈಲರ್ ಅಂಗಡಿಯಿಂದ ತಂದ ಹೊಸ ತುಂಡು, ಗಂಜಿಯ ವಾಸನೆ ಇನ್ನೂ ಹೋಗಿರಲಿಲ್ಲ. ಹಿಂದೆಯೇ ಕುಂಟುತ್ತ ಬಂದ ಅನ್ವರ್ ನಕ್ಕ. “ಬಾವಾಗೆ ಯೋಳಿ ಸಾಮಣ್ಣ, ಬ್ರೇಕು ಇರೋದು ಬಲಗಡೇಲಿ ಅಂತ.”

“ಅಯ್ಯೋ, ಇದೂ ಒಂದು ಕೆಲಸವಾ ಮಹರಾಯ್ತಿ! ದರ್ಗಾ ಬಾಗಿಲಲ್ಲೇ ನನ್ನ ಬೈಕು ಓಗೋದು” ಎಂದೆ. ಈಗ ಆ ಮಾತು ನೆನಪಾದರೆ ಬಾಯಿಗೆ ಬೆಂಕಿ ಹಾಕಿಕೊಳ್ಳಬೇಕೆನಿಸುತ್ತದೆ.

ಭಾಗ್ಯ ಒಂದೊಂದು ಗಂಟಿಗೂ ಹೆಸರು ಬರೆದ ಚೀಟಿಯನ್ನು ದಾರದಲ್ಲಿ ಕಟ್ಟಿ, ನಾಲ್ಕನ್ನೂ ದಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಟ್ಟಳು. “ಕವರ್ ತಗೀಬೇಡಿ, ಮಳೆಗಾಲ” ಎಂದು ಬಾಗಿಲಲ್ಲೂ ಹೇಳಿದಳು. ಗುಂಡ್ಲುಪೇಟೆ ದಾಟುತ್ತಲೇ ಸಣ್ಣ ಹನಿ ಶುರುವಾಯಿತು. ಮೊಬೈಲಿಗೆ ಮತ್ತು ಅದನ್ನು ಚಾರ್ಜು ಮಾಡುವ ಡಬ್ಬಿಗೆ ನೀರು ಹೋದೀತೆಂದು ನನಗೆ ಗಾಬರಿ. ಬೈಕು ನಿಲ್ಲಿಸಿ, ಆ ದಪ್ಪ ಕವರನ್ನು ತೆಗೆದು ಅವೆರಡನ್ನು ಅದರೊಳಗೆ ಹಾಕಿದೆ. ಗಂಟುಗಳು ಚೀಲದ ತಳಕ್ಕೆ ಹೋದವು. ದೇವರ ಕಾಸಿಗಿಂತ ನನಗೆ ಫೋಟೋ ಹೆಚ್ಚಾಗಿತ್ತು, ನಿಜ ಹೇಳಬೇಕೆಂದರೆ ಅಷ್ಟೇ.

ವಯನಾಡಿನ ಘಾಟಿಯಲ್ಲಿ ಬಂದ ಮಳೆಯನ್ನು ಏನೆಂದು ಹೇಳಲಿ! ಮುಂದಿನ ಬಸ್ಸಿನ ಹಿಂದೀಪ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಬೆನ್ನಲ್ಲಿ ನೀರು, ಬೂಟಿನಲ್ಲಿ ನೀರು. ಆದರೂ ಎಂಥ ಖುಷಿ! ಹೆಲ್ಮೆಟ್ಟಿನೊಳಗೆ ಒಬ್ಬನೇ ಕೂಗಿ ಹಾಡುತ್ತಿದ್ದೆ. ತಿರುವುಗಳಲ್ಲಿ ನಿಂತು ಮಂಜಿನ ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುತ್ತಿದ್ದೆ. ಊರಿನವರೆಲ್ಲ ನೋಡಿ ‘ಸೂಪರ್ ಸ್ವಾಮಣ್ಣ’ ಅಂತ ಕಳಿಸುತ್ತಿದ್ದರು. ಕೋಳಿಕ್ಕೋಡಿನಲ್ಲೂ ತ್ರಿಶೂರಿನಲ್ಲೂ ಮಳೆ ಬಿಡಲಿಲ್ಲ, ನಾನೂ ಚೀಲದ ತಳ ನೋಡಲಿಲ್ಲ.

ನೋಡಿದ್ದು ಪಾಲಕ್ಕಾಡಿನ ಲಾಡ್ಜಿನಲ್ಲಿ, ಒದ್ದೆ ಬಟ್ಟೆ ಹಿಂಡಿ ಹಾಕುವಾಗ. ಚೀಲದ ತಳದಲ್ಲಿ ಒಂದು ಬೊಗಸೆ ನೀರು ನಿಂತಿತ್ತು. ಅದರಲ್ಲಿ ನಾಲ್ಕು ಗಂಟುಗಳು ನೆನೆದು ಕುಳಿತಿದ್ದವು. ಮೆಹರುವಿನ ಹೊಸ ಬಟ್ಟೆಯ ಬಣ್ಣ ಬಿಟ್ಟು, ಅರಿಶಿನದ ಮೂರೂ ಹಸಿರಾಗಿದ್ದವು. ಅವಳದ್ದೂ ಬಣ್ಣ ಕಳೆದುಕೊಂಡು ಅವುಗಳಂತೆಯೇ ಆಗಿತ್ತು. ನಾಲ್ಕೂ ಪಾಚಿಯ ಬಣ್ಣ. ಚೀಟಿಗಳು ಮುದ್ದೆಯಾಗಿ ಬೆರಳಿಗೆ ಅಂಟಿಕೊಂಡವು. ಹಿಸುಕಿ ನೋಡಿದೆ, ಮೂಸಿ ನೋಡಿದೆ, ಅಂಗೈಯಲ್ಲಿಟ್ಟು ತೂಗಿ ನೋಡಿದೆ. ಎಲ್ಲದರಲ್ಲೂ ಒಂದೊಂದು ಕಾಸು, ಎಲ್ಲಕ್ಕೂ ಅದೇ ವಾಸನೆ.

ಆಗಲೇ ಫೋನು ಮಾಡಬಹುದಿತ್ತು. “ಭಾಗ್ಯಾ, ಹೀಗಾಯ್ತು ಕಣೇ” ಅಂದಿದ್ದರೆ ಅವಳು ನಾಲ್ಕು ಮಾತು ಬಯ್ದು, ನಾಲ್ವರನ್ನೂ ಕೇಳಿ ಏನಾದರೊಂದು ದಾರಿ ಹೇಳುತ್ತಿದ್ದಳು. ಮಾಡಲಿಲ್ಲ. ಕವರ್ ತೆಗೆದದ್ದು ಹೇಳಬೇಕಲ್ಲ! ಮಂಚದ ಮೇಲೆ ಕುಳಿತು ನನಗೆ ನಾನೇ ಭಾಷಣ ಮಾಡಿಕೊಂಡೆ. ದೇವರೆಲ್ಲ ಒಂದೇ. ಯಾವ ಹುಂಡಿಗೆ ಬಿದ್ದರೇನು, ಭಕ್ತಿ ಮುಖ್ಯ. ಇಷ್ಟು ದೊಡ್ಡ ಮಾತನ್ನು ಇಷ್ಟು ಸಣ್ಣ ಕೆಲಸಕ್ಕೆ ನನ್ನಷ್ಟು ಸಲೀಸಾಗಿ ಯಾರೂ ಬಳಸಿರಲಾರರು. ಅದನ್ನು ಹೇಳಿಕೊಂಡು ಚೆನ್ನಾಗಿ ನಿದ್ದೆಯನ್ನೂ ಮಾಡಿದೆ.

ಪಳನಿಯಲ್ಲಿ ಬೆಟ್ಟ ಹತ್ತಿ ಕೈಗೆ ಸಿಕ್ಕ ಒಂದು ಗಂಟನ್ನು ಹುಂಡಿಗೆ ಹಾಕಿದೆ. ರಾಮೇಶ್ವರದಲ್ಲಿ ಇನ್ನೊಂದು. ಎರಡು ಸಲವೂ ಕಣ್ಣು ಮುಚ್ಚಿ “ಯಾರದೋ ಅವರಿಗೇ ಸೇರಲಿ ಸ್ವಾಮಿ” ಎಂದೆ, ವಿಳಾಸವಿಲ್ಲದ ಕಾಗದವನ್ನು ಪೋಸ್ಟಿಗೆ ಹಾಕಿದ ಹಾಗೆ. ಹಾಕಿ ಹೊರಗೆ ಬಂದು ಕಡಲಿನ ಫೋಟೋ ಸ್ಟೇಟಸ್ಸಿಗೆ ಹಾಕಿದೆ. ಮನಸ್ಸು ಚುಚ್ಚಲಿಲ್ಲವೆಂದಲ್ಲ. ಆದರೆ ಬೈಕು ಓಡುತ್ತಿರುವಾಗ ಚುಚ್ಚಿದ್ದು ಹಿಂದಕ್ಕೆ ಹೋಗುತ್ತದೆ.

ನಾಗೂರಿನಲ್ಲಿ ಮಳೆಯಿರಲಿಲ್ಲ, ಕೆಂಡದಂಥ ಬಿಸಿಲು. ದರ್ಗಾದ ಬಿಳಿ ಮಿನಾರುಗಳು ದೂರದಿಂದಲೇ ಕಂಡವು. ಮೊದಲು ಅದರ ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಿದೆ, ಆಮೇಲೆ ಒಳಗೆ ಹೋದೆ. ಚೀಲದಲ್ಲಿ ಉಳಿದಿದ್ದದ್ದು ಎರಡು ಗಂಟು. ಒಂದನ್ನು ದರ್ಗಾದ ಸೇವೆಯಲ್ಲಿದ್ದ ವಯಸ್ಸಾದ ಖಾದಿಮರ ಕೈಗೆ ಕೊಟ್ಟೆ. ಫಾತಿಹಾ ಯಾರ ಹೆಸರಿನಲ್ಲಿ ಓದಬೇಕು ಎಂದು ಅವರು ತಮಿಳು ಬೆರೆಸಿದ ಉರ್ದುವಿನಲ್ಲಿ ಕೇಳಿದರು. ಮೆಹರುನ್ನಿಸಾ, ಅನ್ವರ್ ಅಂತ ಹೇಳಿದೆ. ಹೂಂಗುಟ್ಟುತ್ತ ಅವರು ಗಂಟು ಬಿಚ್ಚಿದರು. ಒಳಗೆ ಕುಂಕುಮ ಮೆತ್ತಿದ ಒಂದು ಕಾಸು, ಒಣಗಿದ ತುಳಸಿಯ ಒಂದು ಕುಡಿ.

ತುಳಸಿಯಿದ್ದ ಮೇಲೆ ಅದು ತಿರುಪತಿಗೆ ಹೋಗಬೇಕಾದ ನಂಜಮ್ಮ ದೊಡ್ಡಮ್ಮನ ಗಂಟು. ಖಾದಿಮರು ತುಳಸಿಯನ್ನು ನೋಡಿದರು, ನನ್ನನ್ನು ನೋಡಿದರು. ನಗಲಿಲ್ಲ, ಗದರಲಿಲ್ಲ. “ಪರವಾಯಿಲ್ಲೆ” ಎಂದು ಅದನ್ನು ಜೋಪಾನವಾಗಿ ಪಕ್ಕಕ್ಕಿಟ್ಟು, ಕೈಯೆತ್ತಿ ಮೆಹರುವಿನ ಹೆಸರಿನಲ್ಲೇ ಓದಿದರು. ನನ್ನ ಹಿಂದೆ ಜನ ಸಾಲುಗಟ್ಟಿದ್ದರು. ಎಲ್ಲರೂ ನನ್ನ ಬೆನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಅವರು ಕೊಟ್ಟ ಸಕ್ಕರೆಯನ್ನು ಜೇಬಿಗೆ ತುರುಕಿಕೊಂಡು ಸರಸರನೆ ಹೊರಗೆ ಬಂದೆ. ಚೀಲದಲ್ಲಿ ಇನ್ನೊಂದು ಗಂಟಿತ್ತು. ಅದು ಮೆಹರುವಿನದೇ ಇರಬಹುದು. “ಸ್ವಲ್ಪ ತಾಳಿ ಬಾಬಾ, ಇದನ್ನೂ ತಗೊಳ್ಳಿ” ಅನ್ನಲು ಎಷ್ಟು ಹೊತ್ತು ಬೇಕಿತ್ತು! ಅನ್ನಲಿಲ್ಲ. ನಾಚಿಕೆಗೆ ಹೆದರಿ ಓಡಿದೆ. ಓಡಿದ್ದಕ್ಕೇ ಇಷ್ಟು ನಾಚಿಕೆ ನನ್ನ ಪಾಲಿಗೆ ಬಂತು.

ಆ ಸಂಜೆ ಪಾಂಡಿಚೇರಿಯ ಕಡಲ ದಂಡೆಯಲ್ಲಿ ಕಲ್ಲಿನ ಮೇಲೆ ಕುಳಿತಾಗ ಇದೆಲ್ಲ ಕಣ್ಣ ಮುಂದೆ ಬಂತು. ನಾಗೂರು ಅರ್ಧ ದಿನದ ದಾರಿ ಹಿಂದೆ. ಬೆಳಿಗ್ಗೆ ಎದ್ದು ಬೈಕು ತಿರುಗಿಸಿದ್ದರೆ ಎಲ್ಲ ಸರಿಹೋಗುತ್ತಿತ್ತು. ಯಾಕೆ ತಿರುಗಿಸಲಿಲ್ಲ ಗೊತ್ತೇ? ಭಾನುವಾರ ಊರು ಮುಟ್ಟುತ್ತೇನೆಂದು ಸ್ಟೇಟಸ್ಸಿಗೆ ಹಾಕಿಬಿಟ್ಟಿದ್ದೆ. ಇಲಾಖೆಯ ಹಳೆಯ ಗೆಳೆಯರು ಶ್ರೀರಂಗಪಟ್ಟಣದ ಕೋಟೆ ಬಾಗಿಲಲ್ಲಿ ಹಾರ ಹಿಡಿದು ನಿಲ್ಲುವವರಿದ್ದರು. ಒಂದು ಹೂವಿನ ಹಾರ! ಅದಕ್ಕೋಸ್ಕರ ನಾನು ಮುಂದಕ್ಕೆ ಹೋದೆ.

ತಿರುಪತಿಯಲ್ಲಿ ಹುಂಡಿಯ ಮುಂದೆ ನಿಂತಾಗ ಮಾತ್ರ ಕೈ ಮೇಲೇಳಲಿಲ್ಲ. ಹಿಂದಿನವರು ತಳ್ಳುತ್ತಿದ್ದರು. ಗಂಟನ್ನು ಮುಷ್ಟಿಯಲ್ಲೇ ಹಿಡಿದು ಹಾಗೇ ಈಚೆ ಬಂದೆ. ಇಷ್ಟು ಬುದ್ಧಿ ನಾಗೂರಿನಲ್ಲೇ ಬಂದಿದ್ದರೆ!

ಕೋಲಾರ ದಾಟಿ, ಬೆಂಗಳೂರು ದಾಟಿ, ಬೆಳ್ಳೂರು ಕ್ರಾಸಿನಲ್ಲಿ ಎಡಕ್ಕೆ ತಿರುಗಿ ನಾಗಮಂಗಲ ಮುಟ್ಟಿದೆ. ಹೇಳಿಬಿಡಬೇಕು ಎಂದು ಅಷ್ಟು ಹೊತ್ತಿಗೆ ತೀರ್ಮಾನ ಮಾಡಿದ್ದೆ. ಅಲ್ಲಿಂದ ಮನೆಯವರೆಗಿನ ದಾರಿ ನನಗೆ ಕಣ್ಣು ಕಟ್ಟಿದರೂ ಗೊತ್ತು. ಆದರೆ ಇಡೀ ಪ್ರಯಾಣದಲ್ಲಿ ಅಷ್ಟು ಉದ್ದದ ದಾರಿಯನ್ನು ನಾನು ಬೇರೆಲ್ಲೂ ಓಡಿಸಲಿಲ್ಲ.

ಲಲಿತಕ್ಕ ನೆನೆಹಾಕಿದ ಅವರೆಕಾಳು ಹಿಸುಕುತ್ತ ಜಗಲಿಯಲ್ಲಿ ಕುಳಿತಿದ್ದಳು. ಎಲ್ಲವನ್ನೂ ಕೇಳಿ ಮೊದಲು ಒಂದು ಅವರೆಕಾಳನ್ನು ನನ್ನ ಮೇಲೆ ಎಸೆದಳು. “ನೀನು ಚಿಕ್ಕಂದಿಂದ್ಲೂ ಇಂಗೇ ಕಣ್ಲಾ. ಅಂಗಡಿಗೆ ಕಳ್ಸುದ್ರೆ ಉಪ್ಪು ಬದ್ಲು ಸಕ್ರೆ ತರ್ತಿದ್ದೆ. ನಂದು ಪಳನೀಲಿ ಬಿತ್ತೋ ರಾಮೇಶ್ವರದಲ್ಲಿ ಬಿತ್ತೋ ಅದೂ ಗೊತ್ತಿಲ್ವಾ?”

“ಇಲ್ಲ ಕಣಕ್ಕ. ಉಳಿದಿರೋದು ಮೆಹರುದಾದ್ರೆ, ನಿಂದೂ ಚಿಕ್ಕೇಗೌಡಂದೂ ಅದಲು ಬದಲು ಆಗಿರ್ಬೋದು.”

ಅವಳು ಇನ್ನೆರಡು ಕಾಳು ಹಿಸುಕಿದಳು. “ಓಗ್ಲಿ ಬುಡು. ಪಳನೀಲಿರೋನು ಮಗ, ರಾಮೇಶ್ವರದಲ್ಲಿರೋನು ಅಪ್ಪ. ಮನೆ ಒಳಗಿನ ವಿಚಾರ, ಅವರವರೇ ಅಂಚ್ಕತಾರೆ. ಏಳು, ಕೈಕಾಲು ತೊಳ್ಕೊ, ಮುದ್ದೆ ಆಗದೆ.” ಅಷ್ಟೇ. ನಾನು ಎರಡು ಮುದ್ದೆ ಉಂಡೆ.

ಕೆ.ಆರ್. ಪೇಟೆ ದಾಟಿ ಹೊಸಹೊಳಲಿಗೆ ಬಂದಾಗ ನಂಜಮ್ಮ ದೊಡ್ಡಮ್ಮ ಊರ ಗುಡಿಯ ಹಿಂದಿನ ಕೊಟ್ಟಿಗೆಯಲ್ಲಿ ಎಮ್ಮೆಯ ಮೈ ತಿಕ್ಕುತ್ತಿದ್ದಳು. ಅವಳಿಗೆ ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅವಳ ತಿಮ್ಮಪ್ಪನ ಗಂಟು ದರ್ಗಾದಲ್ಲಿ ಬಿಚ್ಚಿಹೋಗಿತ್ತು, ಅದು ಖಚಿತ. ಮಗನಿಗೆ ಕೆಲಸ, ಮೊಮ್ಮಗಳ ಮದುವೆ, ಏನು ಹರಕೆಯೋ ಏನೋ! ದೊಡ್ಡಮ್ಮ ನನ್ನ ಪೂರ್ತಿ ಪುರಾಣ ಕೇಳಿ, ಎಮ್ಮೆಯ ಬೆನ್ನ ಮೇಲೆ ಕೈಯಿಟ್ಟು ಗೊಳ್ಳನೆ ನಕ್ಕಳು.

“ಅಯ್ಯೋ ನಿನ್ ಮಕಕ್ಕೆ! ಈ ಮುಂಡೇದು ಗಬ್ಬ ನಿಲ್ತಿರ್ಲಿಲ್ಲ ಕಣಪ್ಪ. ನಿಲ್ಲಿಸ್ಕೊಡಪ್ಪ ತಿಮ್ಮಪ್ಪ ಅಂತ ಕಟ್ಟಿದ್ದೆ. ಈಗ ಸಾಬ್ರ ದೇವ್ರು ನಿಲ್ಲಿಸ್ಕೊಡ್ತನಾ ನೋಡವ. ಕೊಟ್ರೆ ಅವನಿಗೇ ಸಕ್ರೆ ಅಂಚ್ತೀನಿ.” ಮುಂದೆ ದೀಪಾವಳಿಯ ಹೊತ್ತಿಗೆ ಎಮ್ಮೆ ಗಬ್ಬವಾದದ್ದು ಖಾತ್ರಿಯಾದಾಗ ಅವಳು ನಿಜವಾಗಿಯೂ ನಾಗೂರಿನ ಹೆಸರು ಹೇಳಿ ಬೀದಿಗೆಲ್ಲ ಸಕ್ಕರೆ ಹಂಚಿದಳು. ಅದನ್ನು ಕೇಳಿ ಎಲ್ಲರೂ ನಕ್ಕರು. ನನ್ನಿಂದ ನಗಲಾಗಲಿಲ್ಲ.

ಆ ದಿನ ಮಾತ್ರ ಹೊಸಹೊಳಲಿನಿಂದ ಹೊರಡುವಾಗ ಎದೆ ಹಗುರವಾಗಿತ್ತು. ಎಷ್ಟು ಸುಲಭ! ಸುಮ್ಮನೆ ಹೆದರಿ ಸತ್ತೆನಲ್ಲ, ನಮ್ಮ ಜನ ಎಷ್ಟು ದೊಡ್ಡ ಮನಸ್ಸಿನವರು ಎಂದುಕೊಂಡೆ. ಮೆಹರುವೂ ಹೀಗೇ ನಕ್ಕುಬಿಡುತ್ತಾಳೆ, ಬೇಕಿದ್ದರೆ ಈ ಉಳಿದ ಗಂಟನ್ನು ಇನ್ನೊಂದು ತಿಂಗಳಲ್ಲಿ ನಾನೇ ನಾಗೂರಿಗೆ ಮುಟ್ಟಿಸುತ್ತೇನೆ ಎಂದು ಲೆಕ್ಕ ಹಾಕಿದೆ. ಹಾಗೆ ಲೆಕ್ಕ ಹಾಕುತ್ತಲೇ ಪಾಂಡವಪುರ ಸೇರಿದೆ.

ಚಿಕ್ಕೇಗೌಡನ ಆಲೆಮನೆಯಲ್ಲಿ ಕೊಪ್ಪರಿಗೆ ಕುದಿಯುತ್ತಿತ್ತು. ಬಿಸಿ ಬೆಲ್ಲದ ಘಮ ರಸ್ತೆಯವರೆಗೂ ಬಂದಿತ್ತು. ಆದರೆ ಅವನು ಎಂದಿನಂತೆ “ಬನ್ನಿ ಭಾವ” ಎಂದು ಕೂಗಲಿಲ್ಲ. ಹತ್ತಿರ ಬಂದು ಬೈಕಿನ ಹ್ಯಾಂಡಲ್ ಹಿಡಿದುಕೊಂಡ. “ಭಾಗ್ಯಕ್ಕ ಫೋನ್ ಮಾಡಿತ್ತು. ನೀವು ದಾರೀಲಿ ಗಾಬರಿ ಬೀಳ್ತೀರಿ ಅಂತ ನಿಮ್ಗೆ ಯೋಳಿಲ್ವಂತೆ. ಅನ್ವರಣ್ಣನ ಪಾದ ತಗುದ್ಬುಟ್ರಂತೆ ಭಾವ. ನೆನ್ನೆ.”

ನನಗೆ ಅವನ ಪಳನಿಯ ಮುಡಿಪಿನ ವಿಷಯವೇ ಮರೆತುಹೋಯಿತು. ಅವನೇ ಕೇಳಿದಾಗ ಒಂದೆರಡು ಮಾತಿನಲ್ಲಿ ಹೇಳಿದೆ. “ಅದಿರ್ಲಿ ಬುಡಿ, ಮೊದ್ಲು ಮನೆಗೋಗಿ” ಎಂದ. ಕೋಟೆ ಬಾಗಿಲಲ್ಲಿ ಗೆಳೆಯರು ಹಾರ ಹಿಡಿದು ನಿಂತೇ ಇದ್ದರು. ಬೇಡ ಕಣ್ರೋ ಎಂದರೂ ಬಿಡಲಿಲ್ಲ, ಕೊರಳಿಗೆ ಹಾಕಿ ಫೋಟೋ ಹೊಡೆದರು. ಆ ಫೋಟೋ ಈಗಲೂ ಯಾರ ಯಾರ ಮೊಬೈಲಿನಲ್ಲೋ ಇದೆ. ಅದರಲ್ಲಿ ನಾನು ನಗುತ್ತಿದ್ದೇನೆ, ಆ ಹೊತ್ತಿನಲ್ಲೂ.

ಮೆಹರು ಮರುದಿನ ಮಧ್ಯಾಹ್ನ ಬಟ್ಟೆ ಬದಲಿಸಲು ಆಸ್ಪತ್ರೆಯಿಂದ ಮನೆಗೆ ಬಂದಳು. ನಾನೂ ಭಾಗ್ಯಳೂ ಹೋದೆವು. ಭಾಗ್ಯಳಿಗೆ ಅಷ್ಟು ಹೊತ್ತಿಗೆ ಎಲ್ಲ ಹೇಳಿದ್ದೆ. ನನ್ನನ್ನು ಕಂಡದ್ದೇ ಮೆಹರುವಿನ ದಣಿದ ಮುಖ ಅರಳಿತು.

“ಅಣ್ಣಾ, ನೀವು ಮುಟ್ಟಿಸ್ಬುಟ್ರಿ. ನಾಗೂರು ಫೋಟೋ ಹಾಕಿದ್ರಲ್ಲ, ನೋಡ್ದೆ. ಇವ್ರಿಗೂ ತೋರಿಸ್ದೆ, ನೋಡಿ, ಮುಟ್ತು ಅಂತ. ವಾರ್ಡಲ್ಲಿ ಎಲ್ಲಾರ್ಗೂ ಸಕ್ರೆ ಕೊಟ್ಟೆ. ಅದೇ ಧೈರ್ಯದ ಮ್ಯಾಲೆ ಡಾಕ್ಟ್ರು ಕೇಳ್ದಾಗ ಸಹಿ ಹಾಕ್ಬುಟ್ಟೆ. ಬೆರಳಷ್ಟೇ ಓಯ್ತದೆ, ಬಾವಾ ಪಾದ ಉಳಿಸ್ತಾರೆ ಅಂದ್ಕೊಂಡೆ. ಒಳಗೆ ತೆಗೆದು ನೋಡುದ್ರೆ ಪೂರ್ತಿ ಕೆಟ್ಟೋಗಿತ್ತಂತೆ.” ದುಪಟ್ಟದ ಸೆರಗಿನಲ್ಲಿ ಮುಖ ಒರೆಸಿಕೊಂಡಳು. “ಜೀವ ಉಳೀತಲ್ಲ. ಬಾವಾ ಅಷ್ಟು ಮಾಡುದ್ರು.”

ಸುಮ್ಮನಿದ್ದುಬಿಡಬಹುದಿತ್ತು. ಅವಳೇ ತನಗೆ ಸಮಾಧಾನ ಕಂಡುಕೊಂಡಿದ್ದಳು. ಸುಮ್ಮನಿರುವುದೇ ದಯೆಯೇನೋ ಎಂದು ಇವತ್ತಿಗೂ ಒಮ್ಮೊಮ್ಮೆ ಅನ್ನಿಸುತ್ತದೆ. ಆದರೆ ಅವಳದೇ ಇರಬಹುದಾದ ಆ ಕೊನೆಯ ಗಂಟು ನನ್ನ ಜೇಬಿನಲ್ಲಿತ್ತು. ತೆಗೆದು ಅವಳ ಮುಂದಿಟ್ಟೆ. ಮಳೆ, ಕವರು, ಬಣ್ಣ, ದರ್ಗಾದಲ್ಲಿ ಬಿಚ್ಚಿದ ತುಳಸಿ, ಒಂದನ್ನೂ ಬಿಡದೆ ಹೇಳಿದೆ.

ಅವಳು ಗಂಟನ್ನು ನೋಡುತ್ತಿದ್ದಳು. “ಇದು ನಂದಲ್ಲ. ನಂದು ಹಸಿರು” ಎಂದಳು. ಆಮೇಲೆ ಕೈಗೆತ್ತಿಕೊಂಡು ನಿಧಾನವಾಗಿ ಬಿಚ್ಚಿದಳು. ಒಳಗೆ ಒಂದು ಕಾಸು, ಅದಕ್ಕೆ ಸುತ್ತಿದ ಒಂದು ದಾರ. ದಾರವನ್ನು ಬಿಡಿಸಿ ನೆಲದ ಮೇಲೆ ನೇರವಾಗಿ ಇಟ್ಟಳು. ಒಂದು ಗೇಣಿಗಿಂತ ಸ್ವಲ್ಪ ಹೆಚ್ಚಿತ್ತು. ನಮಗೆ ಅರ್ಥವಾಗಲಿಲ್ಲ.

“ಇವ್ರ ಪಾದದ ಅಳತೆ” ಎಂದಳು. “ನಿದ್ದೆ ಮಾಡ್ತಿದ್ದಾಗ ಹಿಮ್ಮಡಿಯಿಂದ ಬೆರಳಗಂಟ ಅಳದು ಕಟ್ಟಿದ್ದೆ.”

ಭಾಗ್ಯ ಅತ್ತುಬಿಟ್ಟಳು. ನಾನು ಆ ದಾರವನ್ನು ನೋಡುತ್ತ ಕುಳಿತೆ. ನಾಗೂರಿನ ದರ್ಗಾದೊಳಗೆ ಅದು ನನ್ನ ಹೆಗಲ ಚೀಲದಲ್ಲಿ ಇತ್ತು. ಖಾದಿಮರ ಕೈಗೂ ಅದಕ್ಕೂ ಒಂದು ಮೊಳ ದೂರ. ಅಷ್ಟು ಹತ್ತಿರಕ್ಕೆ ಹೋಗಿ ವಾಪಸ್ಸು ಬಂದಿತ್ತು.

ಏನಾದರೂ ಹೇಳಬೇಕಲ್ಲ, ಹೇಳಿದೆ. “ದೇವರೆಲ್ಲ ಒಂದೇ ಅಲ್ವಾ ಮೆಹರು” ಎಂದೆ. ನಾಲಿಗೆ ಕಿತ್ತು ಬಿಸಾಕಬೇಕಿತ್ತು.

ಅವಳು ತಲೆಯೆತ್ತಿದಳು. ಅಷ್ಟು ವರ್ಷದಲ್ಲಿ ಅವಳ ಕೋಪವನ್ನು ನಾನು ಕಂಡದ್ದು ಅದೇ ಮೊದಲು. “ದೇವ್ರು ಒಬ್ಬನೇ ಅಂತ ನಂಗೆ ನೀವು ಯೋಳ್ಬೇಕಾ ಅಣ್ಣ? ದಿನಾ ಅದನ್ನೇ ಯೋಳೋರು ನಾವು. ಆದ್ರೆ ನಾನು ಮಾತು ಕೊಟ್ಟಿದ್ದು ಒಂದು ಬಾಗಿಲಿಗೆ. ನಿಮ್ ಕೈಗೆ ಕೊಟ್ಟಿದ್ದು ಆ ಬಾಗಿಲಿಗೆ ಅಂತ.” ಗಂಟಿನ ಬಟ್ಟೆಯನ್ನು ಮಡಿಚುತ್ತ ಕೇಳಿದಳು. “ದಿನಾ ಫೋಟೋ ಹಾಕ್ತಿದ್ರಿ. ಬೆಟ್ಟ ಹಾಕಿದ್ರಿ, ಸಮುದ್ರ ಹಾಕಿದ್ರಿ. ನಂಗೆ ಒಂದು ಫೋನು ಮಾಡಕ್ಕಾಗ್ಲಿಲ್ವಾ? ಇಂಗಾಯ್ತು ಮೆಹರು ಅಂದಿದ್ರೆ, ಬಸ್ಸತ್ತಿ ನಾನೇ ಓಗಿ ಬರ್ತಿದ್ನಲ್ಲ.”

ಅವಳು ದಾರವನ್ನು ಮತ್ತೆ ಕಾಸಿಗೆ ಸುತ್ತತೊಡಗಿದಳು.

ಅನ್ವರ್ ಆಸ್ಪತ್ರೆಯಲ್ಲಿ ನನ್ನನ್ನು ಕಂಡು ಎಂದಿನಂತೆಯೇ ಕೂಗಿದ. “ಬನ್ನಿ ಸಾಮಣ್ಣ! ಘಾಟಿ ಎಂಗಿತ್ತು? ಮಳೆ ಒಡೀತಾ?” ಕೈ ಮುಗಿದು ತಪ್ಪಾಯ್ತು ಎಂದರೆ ಗದರಿದ. “ಸುಮ್ನಿರಿ ಅಣ್ಣ. ಶುಗರ್ರು ತಿಂದಾಕಿದ್ ಕಾಲಿಗೆ ನೀವೇನು ಮಾಡಕ್ಕಾದದು? ಅವ್ಳು ಎಂಗಸು, ಏನೋ ಅಂದ್ಕೋತಾಳೆ.” ಡಾಕ್ಟರೂ ಅದನ್ನೇ ಹೇಳಿದರು, ಬೇಸಿಗೆಯಲ್ಲೇ ತಡವಾಗಿತ್ತು ಅಂತ. ಅವರೆಲ್ಲ ಹೇಳಿದ್ದು ನಿಜವಿರಬಹುದು. ಪಾದ ನನ್ನಿಂದ ಹೋಯಿತೆಂದು ನಾನೂ ನಂಬುವುದಿಲ್ಲ. ನಾಚಿಕೆ ಆ ಲೆಕ್ಕವನ್ನು ಕೇಳುವುದಿಲ್ಲ, ಏನು ಮಾಡಲಿ? ಒಬ್ಬಳು ಹೆಂಗಸು ಮಲಗಿದ್ದ ಗಂಡನ ಪಾದವನ್ನು ದಾರದಲ್ಲಿ ಅಳೆದು ನನ್ನ ಕೈಗೆ ಕೊಟ್ಟಿದ್ದಳು. ನಾನು ಅದರ ಕವರು ತೆಗೆದು ಮೊಬೈಲಿಗೆ ಹಾಕಿದ್ದೆ.

ಮಾರನೆಯ ವರ್ಷ ಅನ್ವರ್ ಕೃತಕ ಪಾದ ಹಾಕಿಕೊಂಡು ಬೀದಿಯ ತುದಿಯವರೆಗೆ ನಡೆಯುವಂತಾದ. ಲಾರಿ ಬಿಟ್ಟು ಪಾಂಡವಪುರದ ಬೆಲ್ಲದ ಮಂಡಿಯಲ್ಲಿ ಕೂತು ಮಾಡುವ ಕೆಲಸಕ್ಕೆ ಸೇರಿದ. ಎರಡು ಮನೆಗಳ ನಡುವೆ ಮಾತುಕತೆ ನಿಂತಿರಲಿಲ್ಲ. ಹಬ್ಬಕ್ಕೆ ಅವರಿಂದ ಶಾವಿಗೆ ಪಾಯಸ ಬರುತ್ತಿತ್ತು, ನಮ್ಮಿಂದ ಒಬ್ಬಟ್ಟು ಹೋಗುತ್ತಿತ್ತು. ಎಲ್ಲ ಮೊದಲಿನಂತೆಯೇ ಇದೆ ಎಂದು ನಾನು ನನ್ನನ್ನು ನಂಬಿಸಿಕೊಂಡಿದ್ದೆ.

ಒಂದು ಮಧ್ಯಾಹ್ನ ಪಕ್ಕದ ಬೀದಿಯ ಬಳೆ ಅಂಗಡಿಯ ಸಾಬರ ಮನೆಯವರು ನಾಗೂರಿಗೆ ಹೊರಟಿದ್ದಾರೆಂದು ಭಾಗ್ಯ ಹೇಳಿದಳು. ಗಂಡನ ಜೀವ ಉಳಿದದ್ದಕ್ಕೆ ಮೆಹರು ಅವರ ಕೈಯಲ್ಲಿ ಗಂಟು ಕಳಿಸುತ್ತಿದ್ದಾಳಂತೆ. ನಾನು ಚಪ್ಪಲಿ ಮೆಟ್ಟಿಕೊಂಡು ಎದುರುಮನೆಗೆ ಓಡಿದೆ. “ಮೆಹರು, ಅವ್ರ ಕೈಲಿ ಯಾಕಮ್ಮ? ನಾನು ಕಾರು ಮಾಡಿಸ್ತೀನಿ. ನೀನು, ಅನ್ವರು, ಭಾಗ್ಯ, ನಾವು ನಾಲ್ಕೂ ಜನ ಓಗ್ಬರಾಣ. ನೀನೇ ನಿನ್ ಕೈಯಾರ ಕೊಡು” ಎಂದೆ. ವರ್ಷದಿಂದ ಎದೆಯಲ್ಲಿಟ್ಟುಕೊಂಡಿದ್ದ ಮಾತು ಒಂದೇ ಉಸಿರಿಗೆ ಬಂದುಬಿಟ್ಟಿತು.

ಅವಳು ನಕ್ಕಳು. ಕೋಪವಿರಲಿಲ್ಲ, ಚುಚ್ಚುವ ನಗೆಯೂ ಅಲ್ಲ.

“ಬ್ಯಾಡ ಅಣ್ಣ. ನಿಮ್ಗ್ಯಾಕೆ ತೊಂದ್ರೆ?”

ಅವಳ ಮಗಳ ಮದುವೆಯ ಮಂಚ, ಬೀರು ತಿಂಗಳುಗಟ್ಟಲೆ ನಮ್ಮ ಹಜಾರದಲ್ಲಿ ಇದ್ದವು. ನನ್ನ ತಾಯಿ ಹಾಸಿಗೆ ಹಿಡಿದಾಗ ಭಾಗ್ಯಳ ಜೊತೆ ಸರದಿಯ ಮೇಲೆ ಮೈ ಒರೆಸಿದವಳು ಅವಳೇ. ಆ ಎರಡು ಮನೆಗಳ ನಡುವೆ ತೊಂದರೆ ಎಂಬ ಮಾತನ್ನು ಯಾರೂ ಯಾವತ್ತೂ ಆಡಿರಲಿಲ್ಲ.

“ಕುಂತ್ಕಳಿ, ಟೀ ಮಾಡ್ತೀನಿ” ಎಂದು ಒಳಗೆ ಹೋದಳು. ಅವರ ಮನೆಯಲ್ಲಿ ನನಗೆ ಯಾವಾಗಲೂ ಸ್ಟೀಲ್ ಲೋಟದಲ್ಲಿ, ಅವರೆಲ್ಲ ಕುಡಿಯುವ ಅದೇ ಲೋಟದಲ್ಲಿ ಟೀ ಬರುತ್ತಿತ್ತು. ಅವತ್ತು ಅವಳು ಗಾಜಿನ ಬೀರು ತೆಗೆದು, ಹೊರಗಿನಿಂದ ಬಂದವರಿಗೆಂದು ಇಟ್ಟಿದ್ದ ಹೂವಿನ ಚಿತ್ರದ ಕಪ್-ಸಾಸರನ್ನು ಇಳಿಸಿ, ತೊಳೆದು, ಒರೆಸಿ, ಅದರಲ್ಲಿ ತಂದುಕೊಟ್ಟಳು.